ಗೊರಕೆಯ ಪ್ರಶ್ನೆ ಕೇಳುವ ಟಿಕೆಟ್ ಅಕ್ಕ

ಬಸ್ ನಿಲ್ದಾಣದ ಮೂರನೇ ಕಿಟಕಿಯ ಟಿಕೆಟ್ ಅಕ್ಕನ ಮುಂದೆ ಮಗುವಿನ ಕೈ ಹಿಡಿದು ನಿಂತಿರೋ, ಕೆಟ್ಟಿರಿ ಅಂತಲೇ ಲೆಕ್ಕ. ಅಪ್ಪ ಅಮ್ಮ ಅಲ್ಲದವರ ಜೊತೆ ದೂರದೂರಿಗೆ ಹೊರಟ ಮಗುವಿದ್ದರೆ, ಮಕ್ಕಳ ಕಳ್ಳಸಾಗಣೆ ತಡೆಯುವ ಕಾನೂನಿನಂತೆ ಒಂದು ಫಾರಂ ತುಂಬಿಸಿಕೊಳ್ಳಬೇಕು; ಉಳಿದ ಕಿಟಕಿಗಳಲ್ಲಿ ಅದು ಅರೆ ನಿಮಿಷದ ಕೆಲಸ. ಅಕ್ಕ ಮಾತ್ರ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ದೊಡ್ಡವರು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಮಗುವನ್ನೇ ಕೇಳುತ್ತಾಳೆ: "ನಿಮ್ಮನೇಲಿ ಜೋರಾಗಿ ಗೊರಕೆ ಹೊಡೆಯೋರು ಯಾರು ಪುಟ್ಟಾ?" ಮಗು ಕಿಸಕ್ಕನೆ ನಕ್ಕು ಪಕ್ಕದ ಸೋದರಮಾವನನ್ನು ತೋರಿಸಿತೋ, ಠಪ್ಪೆಂದು ಮೊಹರು ಬೀಳುತ್ತದೆ. "ಟಿಕೆಟ್ ಕೊಡೋಕೆ ಮನೆ ಪುರಾಣ ಎಲ್ಲ ಬೇಕಾ ತಾಯಿ? ಬಸ್ಸು ಹೋಗುತ್ತೆ!" ಎಂದು ಸಾಲಿನಲ್ಲಿದ್ದವರು ರೇಗಿದರೆ, "ಹೋಗ್ಲಿ ಬಿಡಣ್ಣ, ಬಸ್ಸು ಇನ್ನೊಂದು ಬರುತ್ತೆ" ಎನ್ನುತ್ತಾಳೆ. ಇವತ್ತು, "ತಮ್ಮನ ಮಗಳು" ಎಂದವನೊಬ್ಬನ ಜೊತೆ ಬಂದ ಹುಡುಗಿ ಆ ಪ್ರಶ್ನೆಗೆ ನಗಲಿಲ್ಲ. ಏನು ಹೇಳಲಿ ಎಂಬಂತೆ ಅವನ ಮುಖ ನೋಡಿದಳು. ಅಕ್ಕ ಮೊಹರನ್ನು ಮೆಲ್ಲಗೆ ಬದಿಗಿಟ್ಟು, ಮೇಜಿನಡಿಯ ಗುಂಡಿ ಒತ್ತಿ ಪೊಲೀಸರನ್ನು ಕರೆದಳು. ಅವರು ಅವನನ್ನು ಕರೆದೊಯ್ದ ಮೇಲೆ ಹುಡುಗಿಯನ್ನು ಒಳಗೆ ಕರೆತಂದು ತನ್ನ ಕುರ್ಚಿಯಲ್ಲೇ ಕೂರಿಸಿದಳು. ಮೇಜಿನ ಮೇಲಿದ್ದ ಮೊಹರನ್ನು ಬೆರಳಲ್ಲಿ ಮುಟ್ಟುತ್ತ ಹುಡುಗಿ, "ನಮ್ಮಜ್ಜಿ ಹೊಡೀತಾಳೆ, ಗೊರಕೆ" ಎಂದು ಪಿಸುಗುಟ್ಟಿದಳು. ಅಕ್ಕ ಅವಳ ಕೂದಲು ಸರಿಮಾಡುತ್ತ ಹೇಳಿದಳು: "ನಿನ್ನಷ್ಟಿದ್ದಾಗ ನಾನೂ ಯಾರದೋ ಕೈ ಹಿಡ್ಕೊಂಡು ಇದೇ ಕಿಟಕಿ ಮುಂದೆ ನಿಂತಿದ್ದೆ ಕಣೇ. ಒಬ್ಬರೂ ನನ್ನ ಏನೂ ಕೇಳ್ಲಿಲ್ಲ. ಗೊರಕೆ ಯಾರು ಹೊಡೀತಾರೆ ಅಂತ ಕೇಳಿದ್ದಿದ್ರೆ, ಮನೇಲಿರೋ ನಮ್ಮಪ್ಪ ಅಂತಿದ್ದೆ."