ಪೈಪಿನ ಮೇಲಿನ ಸೀಮೆಸುಣ್ಣ

ಕಟ್ಟಡ ಕಟ್ಟಿ ಮುಗಿಸಿದರೆ ಅದು ನಿಲ್ಲುತ್ತದೆ, ಅಷ್ಟೇ. ಪಂಪು, ವಾಲ್ವು, ಜನರೇಟರು ಒಂದೊಂದನ್ನೂ ಓಡಿಸಿ, ಯಾವುದು ಎಷ್ಟು ತೆರೆದಿರಬೇಕೆಂದು ಗೊತ್ತುಮಾಡಿ, ದಿನವೂ ನೋಡಿಕೊಳ್ಳುವವನ ಕೈಗೆ ಒಪ್ಪಿಸಿದ ಮೇಲೆಯೇ ಅದು ನಡೆಯುವುದು. ಇದಕ್ಕೆ ಕಮಿಷನಿಂಗ್ ಎನ್ನುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ ಶಿವಮೊಗ್ಗದ ಗುತ್ತಿಗೆದಾರರೊಬ್ಬರ ಬಳಿ ನಾನು ಮಾಡುತ್ತಿದ್ದದ್ದು ಈ ಕೆಲಸ. ಆಗತಾನೇ ಡಿಪ್ಲೊಮಾ ಮುಗಿಸಿದ್ದ ಹುಡುಗಿ; ಕೊಬ್ಬಿಗೇನೂ ಕಡಿಮೆ ಇರಲಿಲ್ಲ.

ಗಾಂಧಿ ಬಜಾರಿನ ಹತ್ತಿರ ನಾಲ್ಕು ಅಂತಸ್ತಿನ ಹೊಸ ಲಾಡ್ಜು ಎದ್ದಾಗ ಅದರ ಪಂಪ್ ರೂಮಿಗೆ ಅನುಭವಸ್ಥರೊಬ್ಬರು ಬೇಕಾಗಿತ್ತು. ನಾನು ಅಪ್ಪನನ್ನು ಕರೆತಂದೆ. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನೀರಿನ ಪೈಪುಗಳ ಜೊತೆ ಬದುಕಿದವನು, ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಮನೆಯಲ್ಲಿ ಕೂತು ಬಾಡಿಹೋಗಿದ್ದ. ಮೊದಲ ದಿನ ಬಸ್ಸಿನಲ್ಲೇ ಹೇಳಿದ: “ನಾನು ನಿಮ್ಮಪ್ಪ ಅಂತ ಅಲ್ಲಿ ಯಾರಿಗೂ ಹೇಳ್ಬೇಡಮ್ಮ. ನಿನ್ನ ಮಾತಿಗೆ ಬೆಲೆ ಇರಲ್ಲ.” ಲಾಡ್ಜಿನಲ್ಲಿ ನನ್ನನ್ನು ಮೇಡಮ್ ಎಂದೇ ಕರೆದ. ನನಗೆ ನಗು ಬರುತ್ತಿತ್ತು, ಒಳಗೊಳಗೆ ಹೆಮ್ಮೆಯೂ ಆಗುತ್ತಿತ್ತು.

ಎಂಟು ದಿನ ಇಬ್ಬರೂ ಸೇರಿ ಹತ್ತೊಂಬತ್ತು ವಾಲ್ವುಗಳನ್ನು ಹೊಂದಿಸಿದೆವು. ನಾನು ಮಹಡಿಗಳಲ್ಲಿ ನಲ್ಲಿ ಬಿಟ್ಟು, ನೀರಿನ ರಭಸ ನೋಡಿ ಕೂಗುವುದು. ಅಪ್ಪ ಕೆಳಗೆ ವಾಲ್ವು ತಿರುಗಿಸುವುದು. ಸರಿಹೋದ ಕೂಡಲೇ ಪೈಪಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ: ‘ಊಟದ ಹಾಲ್, ಅರ್ಧ ಸುತ್ತು ಮಾತ್ರ.’ ಅದು ಅವನ ಕಾರ್ಖಾನೆಯ ರೂಢಿ. ಪಾಳಿ ಮುಗಿಸಿದವನು ಹೀಗೆ ಬರೆದು ಹೋಗುತ್ತಿದ್ದ. ಮುಂದಿನ ಪಾಳಿಯವನು ಗಟ್ಟಿಯಾಗಿ ಓದದೆ ಒಂದಕ್ಷರವನ್ನೂ ಅಳಿಸುವಂತಿರಲಿಲ್ಲ. “ಪುಸ್ತಕಕ್ಕೂ ಇಳಿಸ್ಕೊಳ್ಳಿ ಮೇಡಮ್” ಎಂದು ನನಗೆ ದಿನಕ್ಕೆರಡು ಸಲ ನೆನಪಿಸುತ್ತಿದ್ದ. ನಾನು ನಾಳೆ ನಾಳೆ ಎನ್ನುತ್ತಿದ್ದೆ.

ಪ್ರಾರಂಭೋತ್ಸವದ ಹಿಂದಿನ ದಿನ ಲಾಡ್ಜಿನ ಮಾಲೀಕರು ಪಂಪ್ ರೂಮಿಗೆ ಇಣುಕಿದರು. “ಏನ್ರೀ ಇದು, ಸ್ಲೇಟಿನ ಥರ ಗೀಚಿದ್ದೀರಿ? ನಾಳೆ ಇಲ್ಲೂ ಪೂಜೆ ಇದೆ, ಕ್ಲೀನ್ ಮಾಡ್ಸಿ.” ಅಪ್ಪ ಅಂದು ಬೇಗ ಊರಿಗೆ ಹೊರಟುಹೋಗಿದ್ದ. ತೊಟ್ಟಿ ತೊಳೆಯಲೆಂದು ಎಲ್ಲ ವಾಲ್ವುಗಳನ್ನೂ ಮುಚ್ಚಿಸಿದೆ. ಒದ್ದೆ ಬಟ್ಟೆ ತೆಗೆದುಕೊಂಡು ಬರಹವನ್ನೆಲ್ಲ ನಾನೇ ಒರೆಸಿದೆ. ಓದಲಿಲ್ಲ, ಬರೆದುಕೊಳ್ಳಲೂ ಇಲ್ಲ. ಅಪ್ಪನಿಗೆ ಗೊತ್ತಿರುತ್ತದಲ್ಲ ಎಂದುಕೊಂಡೆ. ಆಮೇಲೆ, ನೋಡಿಕೊಳ್ಳುವವರಿಗೆ ವಾಲ್ವುಗಳ ಲೆಕ್ಕವನ್ನು ಬರೆದುಕೊಟ್ಟು ತರಬೇತಿ ನೀಡಲಾಗಿದೆ ಎಂಬ ಫಾರಂಗೆ ಸಹಿ ಹಾಕಿ ಕೈ ತೊಳೆದುಕೊಂಡೆ.

ಬೆಳಿಗ್ಗೆ ಬಂದ ಅಪ್ಪ ಬರಿದಾದ ಪೈಪುಗಳನ್ನು ನೋಡಿದ, ನನ್ನನ್ನೂ ನೋಡಿದ. ಪುರೋಹಿತರು ಆರತಿ ತಟ್ಟೆ ಹಿಡಿದು ಕಾಯುತ್ತಿದ್ದರು. ಅಪ್ಪ ನೆನಪಿನ ಮೇಲೆ ಒಂದೊಂದೇ ತೆರೆಯುತ್ತಾ ಹೋದ. ಹದಿನೆಂಟು ಸರಿಯಾಗೇ ಇದ್ದವು. ಊಟದ ಹಾಲಿನದ್ದು ಹೆಚ್ಚು ತೆರೆದುಕೊಂಡಿತು. ಮಧ್ಯಾಹ್ನ ಮೊದಲ ಪಂಕ್ತಿಗೆ ಪಾಯಸ ಬಡಿಸುವಾಗ ಮೇಲಿನ ಪೈಪಿನ ಜಾಯಿಂಟು ರಭಸ ತಾಳದೆ ಬಿಟ್ಟು, ಎಲೆಯ ಮುಂದೆ ಕೂತವರ ತಲೆಯ ಮೇಲೆ ನೀರು ಸುರಿಯಿತು.

ಮಾಲೀಕರು ಎಲ್ಲರೆದುರೇ ಕೂಗಾಡಿದರು. “ಯಾರ್ರೀ ವಾಲ್ವ್ ತಿರುಗಿಸಿದ್ದು?”

“ನಾನೇ ಸ್ವಾಮಿ. ವಯಸ್ಸಾಯ್ತು, ಮರ್ತೋಯ್ತು” ಎಂದ ಅಪ್ಪ.

ಮಾಲೀಕರು ನನ್ನ ಕಡೆ ತಿರುಗಿದರು. “ನೀವು ಹೇಳ್ಕೊಟ್ಟಿರ್ಲಿಲ್ವೇನಮ್ಮ? ಬರ್ಕೊಟ್ಟಿರ್ಲಿಲ್ವಾ?”

“ಕೊಟ್ಟಿದ್ದೆ ಸರ್” ಎಂದೆ.

ಅಪ್ಪ ತಲೆ ಎತ್ತಲಿಲ್ಲ. “ಹೌದು, ಮೇಡಮ್ ಹೇಳಿದ್ರು. ತಪ್ಪು ನಂದೇ” ಎಂದು ತಾನೂ ಸೇರಿಸಿದ. ಅವನನ್ನು ಅಲ್ಲೇ ಕೆಲಸದಿಂದ ಬಿಡಿಸಿ ಕಳಿಸಿದರು. ನನ್ನ ಕೆಲಸ ಉಳಿಯಿತು. ನನ್ನ ನಾಲಿಗೆ ಆಗಲೇ ಬಿದ್ದುಹೋಗಬಾರದಿತ್ತೇ ಎಂದು ಇವತ್ತಿಗೂ ಅನ್ನಿಸುತ್ತದೆ.

ಸಂಜೆ ಮನೆಗೆ ಹೋಗಿ, “ಅಪ್ಪಾ, ಅಳಿಸಿದ್ದು ನಾನು” ಎಂದು ಅತ್ತೆ. “ಗೊತ್ತು ಬಿಡಮ್ಮ. ಊಟ ಮಾಡು” ಎಂದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಆಮೇಲೆ ಯಾರು ಕರೆದರೂ ಅವನು ಪಂಪ್ ರೂಮಿಗೆ ಕಾಲಿಡಲಿಲ್ಲ. ಕೆಲವು ತಿಂಗಳ ನಂತರ ಒಂದು ಭಾನುವಾರ ನಮ್ಮ ಬಚ್ಚಲಿನ ನಲ್ಲಿ ಮುರಿದು ನೀರು ಹರಿಯತೊಡಗಿತು. ಅಪ್ಪ ಹಿತ್ತಲಿನ ಗೇಟ್‌ವಾಲ್ವಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಕೈ ಚಾಚಿದ್ದ, ಆದರೆ ಮುಟ್ಟಿರಲಿಲ್ಲ.

“ಮುಚ್ಚೋದು ಯಾವ ಕಡೆಗಮ್ಮ?” ಎಂದು ಕೇಳಿದ.

ಅಣಕಿಸುತ್ತಿದ್ದಾನೇನೋ ಎಂದು ಮುಖ ನೋಡಿದೆ. ಇಲ್ಲ, ನಿಜವಾಗಿಯೂ ಕೇಳುತ್ತಿದ್ದ.

“ಬಲಕ್ಕೆ, ಅಪ್ಪಾ” ಎಂದೆ.