ವಿಶಾಲಮ್ಮ ಹಾಕಿದ ಮೂರು ಒಲೆ

ವಿಶಾಲಮ್ಮ ಒಲೆ ಹಾಕಿದರೆ ಹೊಗೆ ಕಣ್ಣಿಗೆ ಬರುವುದಿಲ್ಲ ಎಂಬ ಮಾತು ಕೆಳದಿ ಸುತ್ತಿನ ಹಳ್ಳಿಗಳಲ್ಲಿತ್ತು. ಹುತ್ತದ ಮಣ್ಣು ತಂದು, ಹೊಟ್ಟು ಸೇರಿಸಿ, ಕಾಲಲ್ಲಿ ತುಳಿದು ಹದ ಮಾಡಿ ಒಲೆ ಕಟ್ಟುವ ಅವಳಿಗೆ ಕೂಲಿ ಅಂತ ಯಾರೂ ಕೊಟ್ಟವರಲ್ಲ. ಎಲೆಅಡಿಕೆ ಕೊಟ್ಟು ‘ನಿಮ್ಮ ಕೈಗುಣ’ ಎನ್ನುತ್ತಿದ್ದರು. ಕೈಗುಣದಿಂದ ಹೊಟ್ಟೆ ತುಂಬುವುದಾಗಿದ್ದರೆ ಅವಳು ಊರಿಗೇ ಸಾಹುಕಾರ್ತಿ ಆಗಬೇಕಿತ್ತು.

ಗಂಡ ಸತ್ತ ವರ್ಷವೇ ತವರಿಗೆ ಬಂದಿದ್ದಳು. ಅಲ್ಲಿ ತಾಯಿಯಿಲ್ಲದ ಇಬ್ಬರು ತಮ್ಮಂದಿರು, ನಿಂಗಪ್ಪ ಮತ್ತು ಕೆರಿಯಪ್ಪ. ಮೂಗು ಒರೆಸಿ, ಅನ್ನ ಹಾಕಿ ದೊಡ್ಡವರನ್ನು ಮಾಡಿದಳು. ಗೇಣಿ ಗದ್ದೆಯ ನಾಟಿ, ಕಳೆ, ಕೊಯ್ಲು ಎಲ್ಲಕ್ಕೂ ಸೊಂಟ ಬಗ್ಗಿಸಿದಳು. ಎಪ್ಪತ್ತರ ದಶಕದಲ್ಲಿ ಉಳುವವನೇ ಒಡೆಯ ಎಂಬ ಕಾನೂನು ಬಂತು. ಗೇಣಿ ಮಾಡುವವನು ತಾನೆಂದು ನಿಂಗಪ್ಪ ಡಿಕ್ಲರೇಷನ್ ಹಾಕಿದ, ಗದ್ದೆ ಅವನ ಹೆಸರಿಗಾಯಿತು. ಸರ್ಕಾರ ಉಳುವವನನ್ನು ಹುಡುಕಿಕೊಂಡು ಬಂದದ್ದು ಸರಿಯೇ. ನಟ್ಟವಳನ್ನು ಹುಡುಕಲು ಅದಕ್ಕೆ ಪುರುಸೊತ್ತಾಗಲಿಲ್ಲ. ವಿಶಾಲಮ್ಮನಿಗೂ ಆಗ ಅದು ಹೊಳೆಯಲಿಲ್ಲ. ತಮ್ಮ ಒಡೆಯನಾದ ಅಂತ ಮನೆಮನೆಗೆ ಬೆಲ್ಲ ಹಂಚಿ ಬಂದಳು.

ಹೊಳೆದದ್ದು ಎಂಬತ್ತನೇ ಇಸವಿ ಕಳೆದ ಮೇಲೆ, ಸರ್ಕಾರದ ಎಮ್ಮೆ ಬಂದಾಗ. ಬಡ ಕುಟುಂಬಕ್ಕೊಂದು ಎಮ್ಮೆ. ಸಾಲ ಬ್ಯಾಂಕಿನದು, ಸಬ್ಸಿಡಿ ಸರ್ಕಾರದ್ದು. ಕುಟುಂಬ ಎಂದರೇನು ಎಂಬುದನ್ನು ಗ್ರಾಮಸೇವಕ ಮಂಜುನಾಥಪ್ಪ ಜಗಲಿಯ ಮೇಲೆ ಕೂತು ಬಿಡಿಸಿ ಹೇಳಿದ. “ಒಲೆ ಬೇರೆ ಇದ್ರೆ ಕುಟುಂಬ ಬೇರೆ. ಅಷ್ಟೇಯ.”

ತಮ್ಮಂದಿರು ಮುಖ ಮುಖ ನೋಡಿಕೊಂಡರು. ಒಟ್ಟಿಗೆ ಉಂಡರೆ ಅವರು ಬಡವರಲ್ಲ. ಬೇರೆ ಬೇರೆ ಉಂಡರೆ ಇಬ್ಬರೂ ಬಡವರು. ಇಷ್ಟು ಸುಲಭದ ಬಡತನವನ್ನು ಯಾರು ತಾನೇ ಬಿಡುತ್ತಾರೆ?

“ಅಕ್ಕಾ, ಹಿತ್ಲ ಕೋಣೇಲಿ ಇನ್ನೊಂದು ಒಲೆ ಹಾಕೇ,” ಎಂದ ಕೆರಿಯಪ್ಪ.

ಹಾಕಿದಳು. ಆದರೆ ಹೊಸ ಒಲೆ, ಹೊಸ ಗೋಡೆ, ಎಲ್ಲೂ ಮಸಿಯಿಲ್ಲ. ಸಾಹೇಬರು ಬಂದು ನೋಡಿದರೆ ಬಣ್ಣ ಬಯಲಾಗುತ್ತಿತ್ತು. ಹೊಗೆಯಿಲ್ಲದ ಒಲೆಗೆ ಹೆಸರಾದವಳು ಹಸಿ ಸೌದೆ ತುರುಕಿ, ಕೆಮ್ಮಿ ಕೆಮ್ಮಿ ಗೋಡೆಗೆ ಹಳೇತನ ಹಿಡಿಸಿದಳು. ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು, “ಹಂಗಾದ್ರೆ ನಾನೂ ಒಂದು ಒಲೆ ಹಾಕ್ಕಂತೀನಿ. ನಂಗೂ ಒಂದು ಎಮ್ಮೆ ಬರ್ತದಲ್ಲ?”

ತಮ್ಮಂದಿರು ನಕ್ಕರು. ಮಂಜುನಾಥಪ್ಪ ಮಾತ್ರ ಗಂಭೀರವಾಗಿ ಹೇಳಿದ, “ನಿಮ್ದು ಕುಟುಂಬ ಅಂತ ಆಗಲ್ಲ ವಿಶಾಲಮ್ಮ. ನೀವು ತಮ್ಮನ ಕುಟುಂಬಕ್ಕೆ ಸೇರ್ತೀರಿ.”

“ಯಾವ ತಮ್ಮಂದು?”

“ಯಾವ್ದಾದ್ರೂ ಒಂದು.”

ಎಮ್ಮೆ ಎರಡು ಬಂದವು. ಹುಲ್ಲು, ಸಗಣಿ, ಹಾಲು ಕರೆಯುವುದು ವಿಶಾಲಮ್ಮನ ಪಾಲಿಗೆ. ಹಾಲಿನ ದುಡ್ಡು ತಮ್ಮಂದಿರ ಪಾಲಿಗೆ. ವರ್ಷ ತಿರುಗುವುದರೊಳಗೆ ಸುಳ್ಳು ಒಲೆ ನಿಜದ ಒಲೆಯಾಯಿತು, ಏಕೆಂದರೆ ತಮ್ಮಂದಿರ ಹೆಂಡತಿಯರಿಗೆ ಬೇರೆ ಅಡುಗೆ ಬಹಳ ಹಿಡಿಸಿತ್ತು. ಅಕ್ಕ ಅಲ್ಲಿ ಉಂಡಿರಬೇಕು ಎಂದು ಇವಳು, ಇಲ್ಲಿ ಉಂಡಿರಬೇಕು ಎಂದು ಅವಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ. ಇಲ್ಲಿ ಜಗಳವೇ ಇಲ್ಲದೆ ಅಕ್ಕ ಬಡವಾದಳು. ಆ ಬಡತನಕ್ಕೆ ಮಾತ್ರ ಯಾವ ಯೋಜನೆಯೂ ಇರಲಿಲ್ಲ.

ಒಂದು ಸಂಜೆ ಬಿಡಿಓ ಸಾಹೇಬರ ಜೀಪು ಬಂತು. ಎಮ್ಮೆ ನೋಡಬೇಕಂತೆ. ಒಂದೇ ಕೊಟ್ಟಿಗೆಯಲ್ಲಿ ಎರಡೂ ಎಮ್ಮೆ, ಎರಡರ ನಡುವೆ ಒಬ್ಬಳೇ ವಿಶಾಲಮ್ಮ, ಕೆಚ್ಚಲಿಗೆ ಕೈಹಾಕಿ ಕೂತಿದ್ದಳು.

“ಮನೆ ಬೇರೆ ಅಂದ್ರಿ. ಎರಡೂ ಎಮ್ಮೆ ಕರೆಯೋ ಈ ಹೆಂಗಸು ಯಾರು?” ಎಂದರು ಸಾಹೇಬರು.

ಅಕ್ಕ ಎಂದರೆ ಒಟ್ಟು ಕುಟುಂಬವೆಂದು ಗೊತ್ತಾಗಿ ಸಬ್ಸಿಡಿ ಹೋಗುತ್ತದೆ. ಕೆರಿಯಪ್ಪ ಮುಂದೆ ಬಂದ. “ಆಳು, ಸಾರ್,” ಎಂದ. ನಿಂಗಪ್ಪನೂ ತಲೆಯಾಡಿಸಿದ.

ವಿಶಾಲಮ್ಮನ ಕೈ ನಿಂತಿತು. ಆ ಮಾತು ಎದೆಗೇ ನಾಟಿತ್ತು. ಎದ್ದು ಸೆರಗಿಗೆ ಕೈ ಒರೆಸಿಕೊಂಡಳು.

“ಹೌದು ಸಾರ್, ಆಳೇಯ. ಆಳಿಗೆ ಕೂಲಿ ಇಷ್ಟು ಅಂತ ಸರ್ಕಾರದ ಕಾನೂನು ಅದ್ಯಂತಲ್ಲ, ಎಷ್ಟು?”

ಸಾಹೇಬರಿಗೆ ಉತ್ತರ ಗೊತ್ತಿದ್ದ ಪ್ರಶ್ನೆ ಅಪರೂಪಕ್ಕೆ ಸಿಕ್ಕಿತ್ತು. ಖುಷಿಯಾಗಿ ದಿನಗೂಲಿಯ ದರ ಹೇಳಿದರು. ತನ್ನ ಕೈಗೂ ಒಂದು ಬೆಲೆಯಿದೆ ಎಂದು ವಿಶಾಲಮ್ಮ ಹುಟ್ಟಿದ ಮೇಲೆ ಮೊದಲ ಸಲ ಕೇಳಿದ್ದು ಅದು.

“ಅರ್ಧ ಇವರು, ಅರ್ಧ ಅವರು,” ಎಂದು ತಮ್ಮಂದಿರ ಕಡೆ ಕೈ ತೋರಿಸಿದಳು. “ಕೊಡ್ತಾರೆ ಸಾರ್, ಒಳ್ಳೇ ಜನ.”

ಅಲ್ಲ ಎಂದರೆ ಎಮ್ಮೆ ಹೋಗುತ್ತದೆ. ಇಬ್ಬರೂ ಹೌದೆಂದರು.

ಜೀಪು ಹೋದ ಮೇಲೆ ನಿಂಗಪ್ಪ ಮೆಲ್ಲಗೆ ಬಂದ. “ಬಾಯಿತಪ್ಪಿ ಅಂದಿದ್ದು ಅಕ್ಕಾ.”

“ಬಾಯಿ ತಪ್ಪಿಲ್ಲ ಬಿಡಾ. ಇವತ್ತೊಂದಿನ ನಿಜ ಹೇಳಿದ್ರಿ. ಕೂಲಿ ಕೊಟ್ರೆ ಕರೀತೀನಿ, ಇಲ್ಲಾಂದ್ರೆ ನಿನ್ ಹೆಂಡ್ತಿ ಕರೀಲಿ.” ಎಮ್ಮೆಗಳು ಬೇರೆಯವರ ಕೈಯನ್ನು ಹತ್ತಿರ ಸೇರಿಸುತ್ತಿರಲಿಲ್ಲ, ಅದು ನಿಂಗಪ್ಪನ ಹೆಂಡತಿಯ ಮೊಣಕಾಲಿಗೆ ಮೊದಲೇ ಗೊತ್ತಿತ್ತು.

ಮೊದಲ ಕೂಲಿ ಬಂದ ದಿನ ವಿಶಾಲಮ್ಮ ಕೊಟ್ಟಿಗೆಯ ಪಕ್ಕ ಮೂರನೇ ಒಲೆ ಹಾಕಿದಳು. ಒಲೆ ಒಣಗಿದ ಮೇಲೆ ತನ್ನ ದುಡ್ಡಿನ ಅಕ್ಕಿ ಬೇಯಿಸಿಕೊಂಡು ತಟ್ಟೆ ಮುಂದೆ ಕೂತಳು. ಒಂದು ತುತ್ತು ಬಾಯಿಗಿಟ್ಟಳೋ ಇಲ್ಲವೋ, ಕಣ್ಣಲ್ಲಿ ನೀರು ಬಂದು ನಿಲ್ಲಲೇ ಇಲ್ಲ. ಹೊಗೆ ಎಂದು ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಅವಳ ಒಲೆಯಲ್ಲಿ ಹೊಗೆ ಬರುವುದಿಲ್ಲ ಅಂತ ಊರಿಗೇ ಗೊತ್ತು.