ಮೆಲ್ಲಗೆ ನುಡಿಸುವ ಟೀಚರ್
ಗಲ್ಫಿನ ಐನ್ ಖಾಲಿದ್ ಬಡಾವಣೆಯ ವಿಲ್ಲಾವೊಂದರ ಅರ್ಧ ಭಾಗದಲ್ಲಿ ಕೀಬೋರ್ಡ್ ಇಟ್ಟುಕೊಂಡು ಪಿಯಾನೋ ಪಾಠ ಹೇಳುವ ಮಂಗಳೂರಿನ ಬೆನೆಡಿಕ್ಟಾ ಟೀಚರ್‌ಗೆ ಎಲ್ಲ ಪ್ರಶ್ನೆಗೂ ಶೋಪನ್ನೇ ಉತ್ತರ. ಹತ್ತೊಂಬತ್ತನೇ ಶತಮಾನದ ಆ ಪೋಲೆಂಡಿನ ಸಂಗೀತಗಾರ ಅವರ ಬಾಯಲ್ಲಿ ಹತ್ತಿರದ ನೆಂಟನಾಗಿಬಿಟ್ಟಿದ್ದಾನೆ. ಕೆಮ್ಮುವ ಮಕ್ಕಳಿಗೆ, "ಅವ ಎದೆರೋಗ ಇಟ್ಟುಕೊಂಡೇ ನುಡಿಸಿದ, ನಿನಗೆ ನೆಗಡಿಯೇ ದೊಡ್ಡದಾ?" ಎನ್ನುತ್ತಾರೆ. ಶಿಷ್ಯೆ ಮೋಕ್ಷಾ ಕೀಬೋರ್ಡಿನ ಶಬ್ದ ಏರಿಸಹೋದರೆ ಕೈಗೊಂದು ಏಟು: "ಶೋಪನ್ ದೊಡ್ಡ ಸಭೆಯಲ್ಲಿ ನುಡಿಸಿದ್ದೇ ಅಪರೂಪ. ಗದ್ದಲ ಅವನಿಗೆ ಆಗ್ತಿರಲಿಲ್ಲ." ಅಸಲಿಗೆ ಟೀಚರ್ ಹೆದರುವುದು ಪಕ್ಕದ ಭಾಗದಲ್ಲಿ ಹಗಲೆಲ್ಲ ಮಲಗುವ ನೈಟ್ ಡ್ಯೂಟಿ ನರ್ಸ್ ಪ್ರಫುಲ್ಲಾಗೆ. ಒಂದು ದೂರು ಬಂದರೂ ಟ್ಯೂಷನ್ ಖಲಾಸ್ ಎಂದು ಮನೆ ಮಾಲೀಕ ಮೊದಲೇ ಹೇಳಿದ್ದಾನೆ. ಅವಳ ಚಪ್ಪಲಿಯ ಸದ್ದಾದರೂ ಸಾಕು, ಟೀಚರ್ ಕೈ ಶಬ್ದ ತಗ್ಗಿಸಲು ಗುಂಡಿಗೆ ಹೋಗುತ್ತದೆ. ಕಳೆದ ತಿಂಗಳು, ಕೆಲಸ ಬಿಟ್ಟು ಊರಿಗೆ ಹೊರಟ ಪ್ರಫುಲ್ಲಾ ಬಾಗಿಲು ತಟ್ಟಿದಳು. "ಎಂತ ಟೀಚರೇ, ಇಷ್ಟು ವರ್ಷ ಗೋಡೆಗೆ ಕಿವಿ ಕೊಟ್ಟೇ ಮಲಗಿದ್ದೇನೆ. ಪ್ರತಿ ಹಾಡು ಕೊನೆಗೆ ಬರುವಾಗ ನೀವು ಇನ್ನೂ ಮೆಲ್ಲಗೆ ಮಾಡ್ತೀರಿ, ಒಂದೂ ಮುಗಿದದ್ದು ಕೇಳಿಸ್ಲಿಲ್ಲ ಮಾರಾಯ್ರೆ!" ಟೀಚರ್, "ಶೋಪನ್ ಬರೆದದ್ದು ನಿದ್ದೆ ಮಾಡ್ಲಿಕ್ಕೆ ಅಲ್ಲ" ಎಂದು ಗದರಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಶಬ್ದ ಏರಿಸುವ ಕಡೆಗೆ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರು.